ಆನೆಯ ತಲೆ, ಎತ್ತಿನ ಮೈ, ನವಿಲಿನ ಬಾಲ

ಜೋಳದ ದಂಟನ್ನು ಆಟಿಕೆಗೆಂದು ಆರಿಸುವುದಕ್ಕೂ ಒಂದು ಹದವಿದೆ. ಹಸಿಯಿದ್ದರೆ ಅದರ ಸಿಬಿರು ಬಾಗುತ್ತದೆ, ಆದರೆ ನೆಟ್ಟಗೆ ನಿಲ್ಲುವುದಿಲ್ಲ. ತೀರಾ ಒಣಗಿದ್ದರೆ ಬಾಗಿಸುವಾಗಲೇ ಚಟ್ಟನೆ ಮುರಿಯುತ್ತದೆ. ಸೊಪ್ಪೆ ಕೊಯ್ದು ಬಣವೆ ಒಟ್ಟಿ ಹತ್ತು ಹದಿನೈದು ದಿನವಾದ ದಂಟೇ ಸರಿ. ಕಂಪ್ಲಿಯ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜ ಅಂಥ ದಂಟೊಂದನ್ನು ಹಿರಿದು, ಗಿಣ್ಣಿನ ಹತ್ತಿರ ಹಲ್ಲಿನಿಂದ ಕಚ್ಚಿ ಸಿಪ್ಪೆಯನ್ನು ಸರ್ರನೆ ಸೀಳುತ್ತಿದ್ದ. ಹೊರಗಿನ ಸಿಪ್ಪೆ ಸಿಬಿರಾಗುತ್ತಿತ್ತು. ಒಳಗೆ ಉಳಿಯುತ್ತಿದ್ದದ್ದು ಬೆಂಡು: ಬೆಳ್ಳಗೆ, ಹಗುರಾಗಿ, ಉಗುರು ಊರಿದರೆ ಗುರುತು ಮೂಡುವಷ್ಟು ಮೆತ್ತಗೆ.

ಗೇಣುದ್ದದ ಬೆಂಡು ಮೈಯಾಯಿತು. ಅದಕ್ಕೆ ಚುಚ್ಚಿದ ನಾಲ್ಕು ಸಿಬಿರು ಕಾಲಾದವು. ಇನ್ನೊಂದು ತುಂಡು ಬೆಂಡನ್ನು ಓರೆಯಾಗಿ ಸಿಕ್ಕಿಸಿದರೆ ತಲೆ, ಅದರ ಮೇಲೆ ಬಾಗಿದ ಎರಡು ಸಿಬಿರು ಕೊಂಬು. ಎತ್ತು ಸಿದ್ಧ. ಎತ್ತು ಬೇಸರವಾದಾಗ ಕೊಂಬು ಕಿತ್ತು ಕುತ್ತಿಗೆ ಉದ್ದ ಮಾಡುತ್ತಿದ್ದೆವು, ಕುದುರೆಯಾಗುತ್ತಿತ್ತು. ಕುದುರೆಯ ಎರಡು ಕಾಲು ಕಿತ್ತು ಬಾಲವನ್ನು ಮೇಲಕ್ಕೆತ್ತಿದರೆ ಹುಂಜ. ಬೆಂಡಿಗೆ ತೂತು ಹೆಚ್ಚಾಗಿ ಕಾಲು ಸಡಿಲವಾಗುವವರೆಗೆ ಅದೇ ಮೈ ಎಷ್ಟು ಪ್ರಾಣಿಯಾಗಿ ಬಾಳಿತೋ ಲೆಕ್ಕವಿಟ್ಟವರಿಲ್ಲ. ಸಡಿಲವಾದರೆ ಹೊಸ ಬೆಂಡು ಬರುತ್ತಿತ್ತು, ಕಾಲು ಮಾತ್ರ ಹಳೆಯವೇ.

ಮೂವತ್ತು ಚಿಲ್ಲರೆ ವರ್ಷಗಳ ನಂತರ ಈ ಬೆಂಡಿನ ಎತ್ತು ನೆನಪಾದದ್ದು ತಂಗಿಯ ಮಗಳ ಕೈಯಲ್ಲಿದ್ದ ಒಂದು ಬಟ್ಟೆ ಆನೆಯನ್ನು ಕಂಡಾಗ. ಯಾರೋ ನೆಂಟರು ಹುಟ್ಟುಹಬ್ಬಕ್ಕೆ ಕೊಟ್ಟಿದ್ದರು. ಹತ್ತಿ ತುಂಬಿದ ಗೊಂಬೆ. ಅದರ ವಿಶೇಷವೆಂದರೆ ತಲೆ ಕಳಚುತ್ತದೆ, ಕಾಲು ಕಳಚುತ್ತದೆ, ಬಾಲ ಕಳಚುತ್ತದೆ. ಪೊಟ್ಟಣದಲ್ಲಿ ಇನ್ನೂ ಎರಡು ತಲೆ, ಒಂದು ಜೊತೆ ರೆಕ್ಕೆ. ಐದು ವರ್ಷದ ಆ ಹುಡುಗಿ ಹೊಸಪೇಟೆಯಿಂದ ಕಂಪ್ಲಿಗೆ ಬರುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ತಲೆ ಎತ್ತದೆ ಅದನ್ನೇ ಕಳಚಿ ಜೋಡಿಸುತ್ತ ಕೂತಿದ್ದಳು. "ಈಗ ಇದೇನು?" ಎಂದೆ. "ಎತ್ತಾನಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ "ಹುಲಿಯಾನಿ". ಬುಕ್ಕಸಾಗರ ದಾಟುವಷ್ಟರಲ್ಲಿ ರೆಕ್ಕೆ ಬಂದಿತ್ತು. "ಈಗ ಹುಲಿಗೋಳಿ!"

ಎತ್ತು ಆನೆ ಸೇರಿ ಎತ್ತಾನೆ, ಲೋಪಸಂಧಿ. ಹುಲಿ ಆನೆ ಸೇರಿ ಹುಲಿಯಾನೆ, ಆಗಮಸಂಧಿ. ಹುಲಿ ಕೋಳಿ ಸೇರಿ ಹುಲಿಗೋಳಿ, ಆದೇಶಸಂಧಿ. ಹೈಸ್ಕೂಲಿನಲ್ಲಿ ನಾವು ಬೆವರು ಹರಿಸಿ ಬಾಯಿಪಾಠ ಮಾಡಿದ ಮೂರು ಕನ್ನಡ ಸಂಧಿಗಳನ್ನೂ ಇನ್ನೂ ಒಂದನೇ ಇಯತ್ತೆಯ ಮೆಟ್ಟಿಲು ಹತ್ತದ ಹುಡುಗಿ ಒಂದು ಬಸ್ ಪ್ರಯಾಣದಲ್ಲಿ ಮುಗಿಸಿದ್ದಳು. ಒಂದು ಪದದ ಕೊನೆ ಇನ್ನೊಂದರ ಮೊದಲಿಗೆ ಕೂಡುವಾಗ ಎಲ್ಲಿ ಒಂದು ಅಕ್ಷರ ಬಿಡಬೇಕು, ಎಲ್ಲಿ ಒಂದು ಸೇರಿಸಬೇಕು, ಎಲ್ಲಿ ಬದಲಿಸಬೇಕು ಎಂಬುದು ಅವಳ ನಾಲಿಗೆಗೆ ಗೊತ್ತಿತ್ತು. ಕೈ ತಲೆಯನ್ನೂ ಮೈಯನ್ನೂ ಜೋಡಿಸುತ್ತಿತ್ತು, ನಾಲಿಗೆ ಹೆಸರನ್ನು ಜೋಡಿಸುತ್ತಿತ್ತು. ಎರಡೂ ಒಂದೇ ಕೆಲಸ ಎಂದು ನನಗೆ ಹೊಳೆದದ್ದು ಅಂದೇ.

ಬಿಡಿಭಾಗ ಬದಲಿಸುವ ಬಟ್ಟೆ ಪ್ರಾಣಿಗಳು ಈಗ ಆಟಿಕೆ ಪೇಟೆಯಲ್ಲಿ ಹೊಸ ಸರಕು. ಕೆಲವಕ್ಕೆ ಟಿಚ್ ಬಟನ್, ಕೆಲವಕ್ಕೆ ಜಿಪ್, ಕೆಲವಕ್ಕೆ ವೆಲ್ಕ್ರೋ, ಕೆಲವುಗಳ ಹೊಟ್ಟೆಯಲ್ಲಿ ಅಯಸ್ಕಾಂತ. ಹೊಲದ ಬದುವಿನಲ್ಲಿ ನಡೆದು ಬಂದರೆ ಪಂಚೆಯ ಅಂಚಿಗೆ ಉತ್ತರಾಣಿ ಕಾಳು ಹತ್ತಿಕೊಳ್ಳುವುದಿಲ್ಲವೇ, ವೆಲ್ಕ್ರೋ ಹುಟ್ಟಿದ್ದೂ ಹಾಗೆಯೇ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಎಂಬ ಎಂಜಿನಿಯರು ತನ್ನ ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೊಕ್ಕೆಯೊಂದು ಸಾಲು, ಕುಣಿಕೆಯೊಂದು ಸಾಲು ಇಟ್ಟು ಮಾಡಿದ ಪಟ್ಟಿ ಅದು. ಸರಕು ಹೊಸದಿರಬಹುದು, ಕಲ್ಪನೆ ಮಾತ್ರ ಹೊಸದಲ್ಲ. ನಮ್ಮ ಸೀಮೆಯ ಮಟ್ಟಿಗಂತೂ ಅದು ಕಲ್ಲಿನಷ್ಟು ಹಳೆಯದು.

ಹಂಪಿಯ ವಿಜಯವಿಠ್ಠಲ ಗುಡಿಯ ಕಂಬಗಳ ಮುಂದೆ ನಿಂತು ನೋಡಿ. ಹಿಂಗಾಲಿನ ಮೇಲೆ ಎದ್ದು ನಿಂತ ಆ ಮೃಗ ಸಿಂಹವೋ, ಆನೆಯೋ, ಕುದುರೆಯೋ? ಮೈ ಸಿಂಹದ್ದು, ಉಗುರು ಸಿಂಹದ್ದು, ಮುಖಕ್ಕೆ ಬಂದರೆ ಒಂದರಲ್ಲಿ ಸೊಂಡಿಲು, ಇನ್ನೊಂದರಲ್ಲಿ ಕೋರೆ ಹಲ್ಲು. ಇದು ಯಾಳಿ, ಶಾಸ್ತ್ರದ ಮಾತಿನಲ್ಲಿ ವ್ಯಾಳ. ಮೈ ಹೆಚ್ಚುಕಡಿಮೆ ಒಂದೇ. ತಲೆ ಬದಲಾದಂತೆ ಸಿಂಹವ್ಯಾಳ, ಗಜವ್ಯಾಳ, ಅಶ್ವವ್ಯಾಳ, ಮನುಷ್ಯನ ಮುಖವಿದ್ದರೆ ನೃವ್ಯಾಳ. 12ನೇ ಶತಮಾನದ 'ಅಪರಾಜಿತಪೃಚ್ಛಾ' ಎಂಬ ಶಿಲ್ಪಗ್ರಂಥ 16 ಬಗೆಯ ವ್ಯಾಳಗಳನ್ನು ಹೇಳಿ, ಒಂದೊಂದಕ್ಕೂ 16 ಭಂಗಿಗಳನ್ನು ಕೊಟ್ಟು, ಒಟ್ಟು 256 ಎಂದು ಲೆಕ್ಕ ಹಾಕುತ್ತದೆ. ಶಿಲ್ಪಿ ಪ್ರತಿ ಕಂಬಕ್ಕೂ ಹೊಸ ಮೃಗವನ್ನು ಹುಡುಕಿಕೊಂಡು ಅಲೆಯಬೇಕಿರಲಿಲ್ಲ. ಇರುವ ಭಾಗಗಳನ್ನು ಅದಲುಬದಲು ಮಾಡಿದರೆ ಗುಡಿ ತುಂಬುತ್ತಿತ್ತು. ಮನೆಯಲ್ಲಿ 2 ಮೈ, 5 ತಲೆ, 4 ಬಾಲ ಇದ್ದರೆ 40 ಪ್ರಾಣಿ. ಮಗುವಿಗೆ ಗುಣಾಕಾರ ಕಲಿಸಲು ಇದಕ್ಕಿಂತ ಸಲೀಸಾದ ದಾರಿ ನನಗೆ ತಿಳಿದಿಲ್ಲ.

ಅದೇ ಗುಡಿಯಲ್ಲಿ ಗೈಡ್‌ಗಳು ಪ್ರವಾಸಿಗರಿಗೆ ತಪ್ಪದೆ ತೋರಿಸುವ ಒಂದು ಚಿಕ್ಕ ಉಬ್ಬುಶಿಲ್ಪವಿದೆ. ಒಂದೇ ಕಲ್ಲಿನಲ್ಲಿ ಹಲವು ಪ್ರಾಣಿಗಳು ಒಂದರೊಳಗೊಂದು ಬೆರೆತಿವೆ. ಗೈಡ್ ಅಂಗೈಯಿಂದ ಒಂದು ಭಾಗ ಮುಚ್ಚುತ್ತಾನೆ, ಒಂದು ಪ್ರಾಣಿ ಕಾಣುತ್ತದೆ. ಕೈ ಸರಿಸಿ ಇನ್ನೊಂದು ಭಾಗ ಮುಚ್ಚುತ್ತಾನೆ, ಬೇರೊಂದು ಕಾಣುತ್ತದೆ. ದೊಡ್ಡವರು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಮಕ್ಕಳು ಮಾತ್ರ ಅಲ್ಲೇ ನಿಂತು ತಾವೂ ಕೈ ಇಟ್ಟು ನೋಡುತ್ತಾರೆ. ಕಳಚಲಾಗದ ಕಲ್ಲನ್ನು ಅಂಗೈಯಿಂದಲೇ ಕಳಚುವ ಆಟ ಅದು. ಆ ಶಿಲ್ಪಿಯ ಮನೆಯಲ್ಲೂ ಮಕ್ಕಳಿದ್ದಿರಬೇಕು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇನ್ನು ಮಕರವಂತೂ ಬಿಡಿಭಾಗಗಳ ಸಂತೆ: ಮೊಸಳೆಯ ದವಡೆ, ಆನೆಯ ಸೊಂಡಿಲು, ಹಂದಿಯ ಮೈ, ನವಿಲಿನ ಬಾಲ. ಅಚ್ಯುತದೇವರಾಯ ತನ್ನ ನಾಣ್ಯದ ಮೇಲೆ ಒತ್ತಿಸಿದ್ದು ಎರಡು ತಲೆಯ ಗಂಡಭೇರುಂಡವನ್ನು. ಹಂದಿಮೊಗದ ವರಾಹ ವಿಜಯನಗರದ ಲಾಂಛನ, ಅದರ ಹೆಸರೇ ಚಿನ್ನದ ನಾಣ್ಯದ ಹೆಸರಾಯಿತು. 1528ರಲ್ಲಿ ಕೃಷ್ಣದೇವರಾಯ ಕಡೆಸಿದ ನರಸಿಂಹನಿಗೆ ಸಿಂಹದ ಮುಖ. ತುಂಗಭದ್ರಾ ನದಿಯ ಆಚೆ ಆನೆಗೊಂದಿಯ ಸೀಮೆ ಕಿಷ್ಕಿಂಧೆ ಎಂಬುದು ಜನರ ನಂಬಿಕೆ. ಅಲ್ಲಿ ವಾಲಿ ಸುಗ್ರೀವರು ಹೋರಾಡುವಾಗ ಯಾರು ಯಾರೆಂದು ರಾಮನಿಗೇ ತಿಳಿಯದೆ ಹೋಯಿತಲ್ಲ, ಕೊನೆಗೆ ಸುಗ್ರೀವನ ಕೊರಳಿಗೆ ಒಂದು ಹೂಮಾಲೆ ಹಾಕಬೇಕಾಯಿತು. ಒಂದು ಮಾಲೆ ಹಾಕಿದರೆ ಸುಗ್ರೀವ, ತೆಗೆದರೆ ವಾಲಿ. ಗೊಂಬೆಯಾಟದ ಮಗುವಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯ, ನಾವು ಮೊದಲ ಪೂಜೆ ಸಲ್ಲಿಸುವ ದೇವರೇ ತಲೆ ಬದಲಾದ ಮಗು. ಹೇಮಕೂಟದ ಇಳಿಜಾರಿನಲ್ಲಿರುವ ಸಾಸಿವೆಕಾಳು ಗಣಪನನ್ನು ಮುಂದಿನಿಂದ ನೋಡಿ ಬಂದುಬಿಡಬೇಡಿ, ಹಿಂದಕ್ಕೆ ಹೋಗಿ. ಅಲ್ಲಿ ಕಾಣುವುದು ಗಣಪನ ಬೆನ್ನಲ್ಲ, ಒಬ್ಬ ಹೆಣ್ಣಿನ ಬೆನ್ನು, ಅವಳ ಜಡೆ. ತಾಯಿ ಪಾರ್ವತಿಯ ತೊಡೆಯ ಮೇಲೆ ಮಗ ಕೂತಿದ್ದಾನೆ ಎಂದು ಊರವರು ಹೇಳುತ್ತಾರೆ. ತಲೆ ಮಾತ್ರ ಬೇರೆ, ತೊಡೆ ಅದೇ. ಈ ಶಿಲ್ಪವನ್ನು ನಾನು ಎಷ್ಟು ಸಲ ನೋಡಿದ್ದೇನೋ, ಆದರೆ ತಂಗಿಯ ಮಗಳು ಹುಲಿಯ ತಲೆ ಹಚ್ಚಿದ ಆನೆಮೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುವುದನ್ನು ಕಂಡ ಮೇಲೆಯೇ ಅದರ ಅರ್ಥ ಪೂರ್ತಿ ತಟ್ಟಿದ್ದು.

ಆದರೆ ಅವಳ ತಮ್ಮನ ಕತೆ ಬೇರೆ. ಅವನಿಗೆ ಮೂರು ವರ್ಷ. ಅವನ ಕಣ್ಣೆದುರೇ ಅಕ್ಕ ಆನೆಯ ತಲೆ ಕಳಚಿ ಹುಲಿಯ ತಲೆ ಹಚ್ಚಿದಾಗ ಅವನು ಚೀರಿ ಅವ್ವನ ಸೆರಗಿಗೆ ಜೋತುಬಿದ್ದ. ಅವನ ಪಾಲಿಗೆ ಅದು ಹುಲಿಯ ತಲೆ ಹಚ್ಚಿದ ಆನೆ ಅಲ್ಲ, ಹುಲಿಯೇ. 1969ರಲ್ಲಿ ಅಮೆರಿಕದ ಮನೋವಿಜ್ಞಾನಿ ರೀಟಾ ಡಿವ್ರೀಸ್ ಇದನ್ನೇ ಪರೀಕ್ಷಿಸಿ ಬರೆದಿದ್ದಾರೆ. ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಮೂರರಿಂದ ಆರು ವರ್ಷದ ಮಕ್ಕಳಿಗೆ ಮುಟ್ಟಲು ಕೊಟ್ಟು, ಆಮೇಲೆ ಅದರ ಮುಖಕ್ಕೆ ಉಗ್ರ ನಾಯಿಯ ಮುಖವಾಡ ತೊಡಿಸಿದರು. ಬೆಕ್ಕಿನ ಹಿಂಭಾಗ ಮಕ್ಕಳ ಕಣ್ಣಿಗೆ ಬೀಳುತ್ತಲೇ ಇತ್ತು. ಆದರೂ ಮೂರು ವರ್ಷದವರಲ್ಲಿ ಅನೇಕರು ಅದು ನಾಯಿಯೇ ಆಗಿಹೋಯಿತು ಎಂದು ನಂಬಿದರು. ಆರರ ಹೊತ್ತಿಗೆ ಹೆಚ್ಚಿನವರಿಗೆ ಮುಖವಾಡದ ಒಳಗೆ ಬೆಕ್ಕೇ ಇದೆ ಎಂಬುದು ಖಚಿತವಾಗಿತ್ತು. ತೋರಿಕೆ ಒಂದು, ಇರುವುದು ಇನ್ನೊಂದು ಎಂಬ ತಿಳಿವಳಿಕೆ ಈ ಮೂರು ವರ್ಷಗಳ ನಡುವೆ ಎಲ್ಲೋ ಮೊಳೆಯುತ್ತದೆ.

ನಮ್ಮ ಮನೆಯಲ್ಲಿ ತಮ್ಮನ ಹೆದರಿಕೆಗೆ ಔಷಧ ಮಾಡಿದವಳು ಅಕ್ಕನೇ. "ಹೆದರಬ್ಯಾಡ, ಇಲ್ಲಿ ನೋಡು" ಎಂದು ಹುಲಿಯ ತಲೆಯನ್ನು ಟಕ್ ಟಕ್ ಎಂದು ಬಿಚ್ಚಿ ಕುತ್ತಿಗೆಯ ಅಡಿಭಾಗ ತೋರಿಸಿದಳು. ಬಿಳಿ ಬಟ್ಟೆ, ನಾಲ್ಕು ಗುಂಡಿ. ಹುಡುಗ ಬೆರಳಿಟ್ಟು ಒಂದೊಂದೇ ಗುಂಡಿ ಮುಟ್ಟಿದ. ಮತ್ತೆ ಹಚ್ಚು ಎಂದ. ಮತ್ತೆ ಬಿಚ್ಚು ಎಂದ. ಅವತ್ತು ಸಂಜೆ ಅದೆಷ್ಟು ಸಲವಾಯಿತೋ. ಹೆದರಿಸುವುದನ್ನು ತನ್ನ ಕೈಯಿಂದಲೇ ಕಳಚಬಹುದು, ಮತ್ತೆ ಕೂಡಿಸಬಹುದು ಎಂದು ತಿಳಿದ ಮಗುವಿನ ಮುಖ ಹೇಗಿರುತ್ತದೆ ಎಂದು ನಾನು ನೋಡಿದೆ. ಈ ಜಾತಿಯ ಆಟಿಕೆಯ ಬಗ್ಗೆ ನನಗೆ ಮನಸ್ಸು ಬಂದದ್ದು ಮುಖ್ಯವಾಗಿ ಅದಕ್ಕೇ.

ಹೊಲಿದು ಮುಚ್ಚಿದ ಮಾಮೂಲಿ ಬಟ್ಟೆಗೊಂಬೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಪೇಟೆಯ ಬಟ್ಟೆ ಪ್ರಾಣಿಗಳ ಇತಿಹಾಸ ಶುರುವಾದದ್ದೇ ಹಾಗೆ. ಜರ್ಮನಿಯ ಗೀಂಗನ್ ಊರಿನಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹೊಲಿಗೆ ಮಾಡುತ್ತಿದ್ದ ಮಾರ್ಗರೆಟ್ ಸ್ಟೈಫ್ 1880ರಲ್ಲಿ ಗುಂಡುಸೂಜಿ ಚುಚ್ಚಿಡಲು ಒಂದು ಪುಟ್ಟ ಉಣ್ಣೆಬಟ್ಟೆಯ ಆನೆ ಮಾಡಿದರು. ಮಕ್ಕಳು ಸೂಜಿ ಕಿತ್ತೆಸೆದು ಆನೆ ಎತ್ತಿಕೊಂಡು ಹೋದರು. 1902ರಲ್ಲಿ ಅವರ ಸೋದರಳಿಯ ರಿಚರ್ಡ್ ಸ್ಟೈಫ್ ಕೈಕಾಲು ತಿರುಗುವ ಕರಡಿಯನ್ನು ರೂಪಿಸಿದರು. ಅದೇ ವರ್ಷ ಅಮೆರಿಕದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಕಟ್ಟಿಹಾಕಿದ ಕರಡಿಯನ್ನು ಕೊಲ್ಲಲು ಒಪ್ಪದ ಸುದ್ದಿ ಹಬ್ಬಿ, ಅವರ ಅಡ್ಡಹೆಸರು ಟೆಡ್ಡಿ ಬಟ್ಟೆ ಕರಡಿಗಳಿಗೆಲ್ಲ ಅಂಟಿಕೊಂಡಿತು. ಕೈಕಾಲು ತಿರುಗುತ್ತಿದ್ದವು ನಿಜ, ಆದರೆ ಕಳಚುತ್ತಿರಲಿಲ್ಲ. ಕಳಚಿ ಹಚ್ಚುವ ಆಟ ಪೇಟೆಗೆ ದೊಡ್ಡದಾಗಿ ಬಂದದ್ದು 1952ರಲ್ಲಿ, ಮಿಸ್ಟರ್ ಪೊಟೆಟೊ ಹೆಡ್ ಹೆಸರಿನಲ್ಲಿ. ಕಣ್ಣು, ಮೂಗು, ಮೀಸೆ, ಟೋಪಿಗಳ ಪೊಟ್ಟಣ ಮಾತ್ರ ಮಾರುತ್ತಿದ್ದರು, ಆಲೂಗಡ್ಡೆ ಮನೆಯದೇ. ಪ್ಲಾಸ್ಟಿಕ್ ಆಲೂಗಡ್ಡೆ ಬಂದದ್ದು 1964ರಲ್ಲಿ. ಅಲ್ಲಿಯವರೆಗೆ ಅಮೆರಿಕದ ಮಕ್ಕಳೂ ನಮ್ಮ ಬೆಂಡಿನ ಎತ್ತಿನ ಪದ್ಧತಿಯಲ್ಲೇ ಆಡುತ್ತಿದ್ದರು ಎಂಬುದು ನನಗೆ ಖುಷಿ ಕೊಡುವ ಸಂಗತಿ.

ಇಂಗ್ಲೆಂಡಿನ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1951ರಲ್ಲಿ ಒಂದು ಮಾತು ಹೇಳಿದರು. ಮಗು ಹಗಲಿರುಳು ಬಿಡದೆ ಹಿಡಿದುಕೊಳ್ಳುವ ಹಳೆಯ ಬಟ್ಟೆಯೋ ಗೊಂಬೆಯೋ ಬರೀ ವಸ್ತುವಲ್ಲ. ತಾಯಿಗೂ ಹೊರಲೋಕಕ್ಕೂ ನಡುವೆ ಅದು ಮಗುವಿಗೆ ಒಂದು ಸೇತುವೆ. ಇಪ್ಪತ್ತು ವರ್ಷದ ನಂತರ, 1971ರಲ್ಲಿ, ಸೈಮನ್ ನಿಕೊಲ್ಸನ್ ಎಂಬ ಕಲಾವಿದ ಬಿಡಿಭಾಗಗಳ ಸಿದ್ಧಾಂತವನ್ನು ಮುಂದಿಟ್ಟರು. ಒಂದು ಜಾಗದಲ್ಲಿ ಸರಿಸಬಲ್ಲ, ಕೂಡಿಸಬಲ್ಲ, ಬಿಚ್ಚಬಲ್ಲ ವಸ್ತುಗಳು ಎಷ್ಟು ಹೆಚ್ಚೋ ಅಲ್ಲಿನ ಮಕ್ಕಳ ಕಲ್ಪನೆ ಅಷ್ಟು ಚುರುಕು ಎಂಬುದು ಅದರ ತಿರುಳು. ವಿನಿಕಾಟ್ ಹೇಳಿದ್ದು ಅಪ್ಪಿಕೊಳ್ಳುವ ವಸ್ತುವಿನ ಮಾತು, ನಿಕೊಲ್ಸನ್ ಹೇಳಿದ್ದು ಬಿಚ್ಚುವ ವಸ್ತುವಿನ ಮಾತು. ಭಾಗ ಬದಲಿಸುವ ಬಟ್ಟೆ ಪ್ರಾಣಿಯಲ್ಲಿ ಎರಡೂ ಕೂಡುತ್ತವೆ. ಪ್ಲಾಸ್ಟಿಕ್ ಇಟ್ಟಿಗೆಯನ್ನು ಬಿಚ್ಚಿ ಜೋಡಿಸಬಹುದು, ಎದೆಗವಚಿ ಮಲಗಲಾಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ ಅಂಗಡಿಯ ಇನ್ನೊಂದು ಪೊಟ್ಟಣ ತರುವ ಬದಲು ನಾವೇ ಮಾಡೋಣ ಎಂದು ತಂಗಿಯೂ ನಾನೂ ಕೂತೆವು. ಬಟ್ಟೆಗೇನು ಬರ? ಬಳ್ಳಾರಿ ಜೀನ್ಸಿನ ಊರು, ನಮ್ಮ ಮನೆಯ ಟ್ರಂಕಿನಲ್ಲೇ ಮೊಣಕಾಲು ಹರಿದ ನಾಲ್ಕು ಪ್ಯಾಂಟಿದ್ದವು. ಅವ್ವ ಕೌದಿಗೆಂದು ಕೂಡಿಟ್ಟ ಹಳೆ ಸೀರೆಗಳ ಗಂಟು ಬೇರೆ. ಜೀನ್ಸಿನ ಬಟ್ಟೆ ಮೈಗೆ, ಕಾಲಿಗೆ. ಮೆತ್ತನೆ ಸೀರೆ ತಲೆಗೆ, ಕಿವಿಗೆ. ಒಳಗೆ ತುಂಬಲು ಹಳೆ ದಿಂಬಿನ ಅರಳೆಯನ್ನು ಬಿಸಿಲಿಗೆ ಹಾಕಿ ಹಿಂಜಿದೆವು.

ಮೊದಲ ಸಲ ಕೆಟ್ಟಿತು. ಆನೆಯ ಕುತ್ತಿಗೆಯನ್ನು ಅಂದಾಜಿನ ಮೇಲೆ ಹೊಲಿದೆವು, ಹುಲಿಯದನ್ನೂ ಅಂದಾಜಿನ ಮೇಲೆ. ಆನೆಯ ತಲೆ ಕೂತಿತು, ಹುಲಿಯ ತಲೆ ಅರ್ಧ ಬೆರಳು ಅಗಲವಾಗಿ ಗುಂಡಿಗೆ ಗುಂಡಿ ಸಿಗಲಿಲ್ಲ. ಪರಿಹಾರ ಹೇಳಿದವಳು ಅವ್ವ. ಸ್ಟೀಲಿನ ಲೋಟವನ್ನು ರಟ್ಟಿನ ಮೇಲೆ ಬೋರಲು ಹಾಕಿ ಗೆರೆ ಎಳೆದು ಕತ್ತರಿಸು, ಎಲ್ಲ ಕುತ್ತಿಗೆಗೂ ಅದೇ ಅಳತೆ ಎಂದಳು. ರಟ್ಟಿನ ಚಕ್ರದ ಅಂಚಿಗೆ ಗಡಿಯಾರದ 12, 3, 6, 9ರ ಜಾಗದಲ್ಲಿ ತೂತು ಹಾಕಿದೆವು. ಆ ತೂತಿನಲ್ಲಿ ಪೆನ್ಸಿಲ್ ಗುರುತು, ಗುರುತಿನ ಮೇಲೆ ಟಿಚ್ ಬಟನ್. ಇನ್ನೊಂದು ನಿಯಮವನ್ನು ಎಡವಿದ ಮೇಲೆ ಕಲಿತೆವು. ಟಿಚ್ ಬಟನ್ನಿಗೆ ಎರಡು ಹೋಳು: ಒಂದರಲ್ಲಿ ಮೊಳೆ, ಒಂದರಲ್ಲಿ ಗುಳಿ. ಮೈಗೆ ಯಾವಾಗಲೂ ಮೊಳೆಯ ಹೋಳು, ತಲೆ, ಕಾಲು, ಬಾಲಗಳಿಗೆ ಯಾವಾಗಲೂ ಗುಳಿಯ ಹೋಳು. ಒಂದು ಕಡೆ ತಪ್ಪಿದರೂ ಅದು ಯಾವುದಕ್ಕೂ ಕೂಡದ ಒಂಟಿ ಭಾಗವಾಗುತ್ತದೆ.

1790ರಲ್ಲಿ ಒನೊರೆ ಬ್ಲಾಂ ಎಂಬ ಫ್ರೆಂಚ್ ಕುಶಲಕರ್ಮಿ ಪ್ಯಾರಿಸ್ಸಿನ ವಿದ್ವಾಂಸರ ಮುಂದೆ ಬಂದೂಕಿನ ಬಿಡಿಭಾಗಗಳ ರಾಶಿಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿ ಜೋಡಿಸಿ ತೋರಿಸಿದನಂತೆ, ಎಲ್ಲವೂ ಕೂತವು. ಎಲ್ಲ ಭಾಗಕ್ಕೂ ಒಂದೇ ಅಳತೆ ಎಂಬ ಆ ತತ್ವದ ಮೇಲೆಯೇ ಆಮೇಲಿನ ಕಾರ್ಖಾನೆಗಳು ಎದ್ದವು. ಅವ್ವನ ಲೋಟದ ತತ್ವವೂ ಅದೇ.

ಹೀಗೆ ಹೊಲಿಯುವಾಗ ಸಂಡೂರು ನೆನಪಾಗದೆ ಇರುತ್ತದೆಯೇ? ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಹಾಕುವ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಗುಂಪಿನ ಸಭೆ ನಡೆದಾಗ ಅಲ್ಲಿನ 450ಕ್ಕೂ ಹೆಚ್ಚು ಮಹಿಳೆಯರ ಕೈಯಿಂದ ಬಂದ 1,755 ತುಣುಕು ಜೋಡಣೆಯ ವಸ್ತುಗಳು ಒಟ್ಟಿಗೆ ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಯಾದವು. ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ರೇಲೋ, ಗದ್ರಿ, ಜೋಲ್ಯಾ, ನಕ್ರಾ ಎಂದು ಹೊಲಿಗೆಗೊಂದು ಹೆಸರು, ಒಟ್ಟು 14 ಬಗೆ. ಅದರಲ್ಲಿ ಕೌದಿ ಎಂಬುದೂ ಒಂದು. ನೆಲಕ್ಕೆ ಹಾಸುವ ನಮ್ಮ ಕೌದಿಯೂ ತುಂಡು ತುಂಡು ಬಟ್ಟೆಯ ಕೂಡಿಕೆಯೇ. ಅಪ್ಪನ ಪಂಚೆ, ಅಜ್ಜಿಯ ಸೀರೆ, ಮಗುವಿನ ಲಂಗ ಎಲ್ಲ ಒಂದರ ಪಕ್ಕ ಒಂದು. ತುಂಡು ಕೂಡಿಸುವ ವಿದ್ಯೆ ಈ ಸೀಮೆಯ ಹೆಂಗಸರ ಬೆರಳಲ್ಲಿದೆ, ಭಾಗ ಬದಲಿಸುವ ಮೃಗಗಳ ಕಲ್ಪನೆ ಈ ಸೀಮೆಯ ಕಲ್ಲಲ್ಲಿದೆ. ಯಾಳಿಯ ಮೈ, ಮಕರದ ಬಾಲ, ಗಂಡಭೇರುಂಡದ ಜೋಡಿ ತಲೆ ಇರುವ ಒಂದು ಬಟ್ಟೆಗೊಂಬೆಯ ಪೆಟ್ಟಿಗೆ ಹಂಪಿಯ ಬಜಾರಿನಲ್ಲಿ ಸಿಗುವಂತಾಗಬೇಕು ಎಂಬುದು ನನ್ನ ಆಸೆ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಮರದ ಗೊಂಬೆಯ ಭಾಗಗಳನ್ನು ಬೇರೆ ಬೇರೆ ಕೆತ್ತಿ ಅಂಟಿಸುವ ಪರಂಪರೆ ಇದೆ. ಅದೇ ಜಿಲ್ಲೆಯ ಭಾನಾಪುರದ ಹತ್ತಿರ 400 ಎಕರೆಯಲ್ಲಿ ಆಟಿಕೆ ಕೈಗಾರಿಕಾ ಸಮೂಹಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಅಚ್ಚಿನಿಂದ ಇಳಿಯುವ ಪ್ಲಾಸ್ಟಿಕ್ ಗೊಂಬೆಗೆ ಅಷ್ಟು ಜಾಗ ಕೊಟ್ಟ ಸೀಮೆ ಸೂಜಿಯಿಂದ ಇಳಿಯುವ ಗೊಂಬೆಗೂ ಒಂದು ಮೂಲೆ ಕೊಡಬಹುದು.

ಆಸೆಯ ಜೊತೆಗೆ ಎಚ್ಚರವನ್ನೂ ಹೇಳಲೇಬೇಕು, ಏಕೆಂದರೆ ಕಳಚುವ ಭಾಗವೆಂದರೆ ಬಾಯಿಗೆ ಹೋಗುವ ಭಾಗ. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳು ಮಾಡಿದ್ದಕ್ಕೂ ಭೌಗೋಳಿಕ ಸೂಚಿಕೆಯ ಆಟಿಕೆಗಳಿಗೂ ವಿನಾಯಿತಿ ಇದೆ, ಆದರೆ ಮಗುವಿನ ಗಂಟಲಿಗೆ ವಿನಾಯಿತಿ ಗೊತ್ತಿಲ್ಲ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ತುಂಡೂ 31.7 ಮಿಲಿಮೀಟರ್ ಅಗಲದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದು ಎಂಬುದು ನಿಯಮ. ಮನೆಯಲ್ಲಿ ಹೊಲಿಯುವವರು ಗುಂಡಿಯ ಕಣ್ಣು ಇಡುವ ಬದಲು ದಾರದಲ್ಲೇ ಕಣ್ಣು ಕಸೂತಿ ಹಾಕಬೇಕು. ಲಂಬಾಣಿ ಕಸೂತಿಯ ಕನ್ನಡಿ, ಕವಡೆಗಳು ಗೋಡೆಗೆ ಚೆಂದ, ಕೂಸಿನ ಗೊಂಬೆಗೆ ಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತಿನ ಕಣ್ಣಿಗೆಂದು ಒತ್ತುವ ಗುಲಗಂಜಿಯನ್ನಂತೂ ಆಟಿಕೆಯ ಹತ್ತಿರವೂ ತರಬೇಡಿ. ಅಷ್ಟು ಅಂದದ ಕೆಂಪುಕಪ್ಪು ಕಾಳಿನೊಳಗೆ ಜೀವ ತೆಗೆಯುವ ವಿಷವಿದೆ. ಅಯಸ್ಕಾಂತದ ಗೊಂಬೆಯ ಹೊಲಿಗೆ ಬಿಚ್ಚಿದರೆ ಅವತ್ತೇ ಕಿತ್ತುಕೊಳ್ಳಿ. ಎರಡು ಅಯಸ್ಕಾಂತ ಹೊಟ್ಟೆಗೆ ಹೋದರೆ ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ತೂತು ಮಾಡುತ್ತವೆ. ಟಿಚ್ ಬಟನ್ನನ್ನು ಒಂದು ಸುತ್ತು ದಾರದಲ್ಲಿ ಮುಗಿಸದೆ ಪ್ರತಿ ತೂತಿಗೂ ನಾಲ್ಕೈದು ಸುತ್ತು ಹಾಕಿ, ಬಟ್ಟೆಯ ಹಿಂದೆ ಇನ್ನೊಂದು ತುಂಡು ಕೊಟ್ಟು ಹೊಲಿಯಿರಿ. ವಾರಕ್ಕೊಮ್ಮೆ ಎಳೆದು ನೋಡಿ. ನಮ್ಮ ಮನೆಯ ಸಣ್ಣವನ ಪಾಲಿಗೆ ಗುಂಡಿಯೇ ಇಲ್ಲದೆ ಬರೀ ಅಗಲದ ಲಾಡಿ ಕಟ್ಟುವ ಒಂದು ಆಮೆ ಮಾಡಿದ್ದೇವೆ. ಲಾಡಿ ಗೇಣಿಗಿಂತ ಗಿಡ್ಡ, ಕೊರಳಿಗೆ ಸುತ್ತಬಾರದು.

ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ಲಕ್ಷಕ್ಕೂ ಮೀರಿ ಕ್ಯುಸೆಕ್ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗುತ್ತದೆ. ಗಂಗಾವತಿಯ ದಾರಿ ಕಟ್ಟು. ಹಾಗೆ ಹೊಳೆ ಬಂದ ಒಂದು ವಾರ ಹುಡುಗಿಯ ಅತ್ತೆ ಆಚೆ ದಡದಲ್ಲಿ ಉಳಿದರು. ಕೋಟೆಯ ಕಡೆ ನಿಂತು ಕೆಂಪು ನೀರು ನೋಡಿ ಬಂದ ಹುಡುಗಿ ಪೆಟ್ಟಿಗೆ ಸುರುವಿ ಎಲ್ಲ ಭಾಗ ಹರವಿಕೊಂಡು ಕೂತಳು. ಆನೆಯ ತಲೆ ಹಚ್ಚಿದಳು, ಬಿಚ್ಚಿದಳು. ರೆಕ್ಕೆ ಹಚ್ಚಿದಳು, ಅದನ್ನೂ ಬಿಚ್ಚಿದಳು. "ಯಾವ್ದೂ ಬರಂಗಿಲ್ಲ" ಎಂದಳು. "ಇದಕ್ಕ ಹೊಳಿ ದಾಟೋ ಹೊಟ್ಟಿ ಬೇಕು. ಹರಿಗೋಲಿನಂಥಾದ್ದು."

ಐನೂರು ವರ್ಷದ ಹಿಂದೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಆನೆಗೊಂದಿಯ ಕಡವಿನ ಹರಿಗೋಲನ್ನು ಬೆರಗಿನಿಂದ ನೋಡಿ ಬರೆದಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು. ನಾವು ದೋಸೆ ತಟ್ಟೆಯನ್ನು ಜೀನ್ಸಿನ ಮೇಲೆ ಬೋರಲು ಹಾಕಿ ಗೆರೆ ಎಳೆದೆವು. ಅಂಚಿಗೆ ನೆರಿಗೆ ಹಿಡಿದು ದಾರ ಎಳೆದಾಗ ಬಟ್ಟೆ ಬುಟ್ಟಿಯಂತೆ ಮೇಲೆದ್ದಿತು. ಒಳಗಿನ ಕಂಕಣಕ್ಕೆ ಅವ್ವ ಕೌದಿಯ ಗಂಟಿನಿಂದ ಹಸಿರು ಸೀರೆಯ ಅಂಚು ತೆಗೆದುಕೊಟ್ಟಳು. ನಡುವೆ ಲೋಟದ ಅಳತೆಯ ಚಕ್ರ, ನಾಲ್ಕು ಗುರುತು, ಮೊಳೆಯ ಹೋಳು ನಾಲ್ಕು. ಕೊನೆಯ ಗುಂಡಿಯ ದಾರ ಕಡಿಯುವ ಮೊದಲೇ ಹುಡುಗಿ ಆನೆಯ ತಲೆ ಹಿಡಿದು ಕಾಯುತ್ತಿದ್ದಳು.

"ಹೆಸರೇನು ಇಡ್ತಿ?"

ಒಂದು ಕ್ಷಣ ನಾಲಿಗೆ ಹೊರಳಿಸಿದಳು. "ಹರಿಗೋಲಾನಿ."